ಮೈನಸ್ 15ರಲ್ಲಿ ಪುಟ್ಟ ವಿಮಾನ: ಕರೆಂಟಿನ ಜಾಕೆಟ್ ಹಾಕಿದರೆ ಸಾಕಾ?

ಪ್ರಶ್ನೆ: ನಾನು ಹಾಸನದವನು, ಈಗ ಅಮೆರಿಕದ ಮಿನ್ನೆಸೋಟದಲ್ಲಿದ್ದೇನೆ. ಪ್ರೈವೇಟ್ ಪೈಲಟ್ ಲೈಸೆನ್ಸ್ ಇದೆ. ಇಷ್ಟು ದಿನ ಕ್ಲಬ್ಬಿನ ಸೆಸ್ನಾ 172 ಹಾರಿಸುತ್ತಿದ್ದೆ. ಈಗ ಗೆಳೆಯರ ಜೊತೆ ಸೇರಿ 1946ರ ಏರೋಂಕಾ ಚಾಂಪ್, 7ಎಸಿ ಮಾಡೆಲ್, ತಗೊಂಡಿದ್ದೇನೆ. ಅದರ ಹೀಟರ್ ಇದ್ದೂ ಇಲ್ಲದ ಹಾಗೆ. ಸ್ವಲ್ಪ ಹೊತ್ತಿಗೇ ಕಾಲ್ಬೆರಳು ಮರಗಟ್ಟುತ್ತವೆ. ಬೈಕ್ ಓಡಿಸುವವರು ಹಾಕುವ ಕರೆಂಟಿನ ಜಾಕೆಟ್, ಗ್ಲೌಸ್ ತಗೊಳ್ಳಲಾ? 172ರಲ್ಲಿ ಹೋಗುವಾಗ ಅದನ್ನೇ ಸಿಗರೇಟ್ ಲೈಟರ್ ಸಾಕೆಟ್‌ಗೆ ಚುಚ್ಚಬಹುದಾ? ಹೆಂಡತಿಯೂ ಹಿಂದಿನ ಸೀಟಲ್ಲಿ ಬರುತ್ತಾಳೆ, ಅವಳಿಗೇನು ಮಾಡಲಿ?

ಉತ್ತರ: ತಗೊಳ್ಳಿ. ಆದರೆ ಎಲ್ಲಕ್ಕಿಂತ ಕೊನೆಗೆ ತಗೊಳ್ಳಿ.

ಕಾರಣ ಹೇಳುತ್ತೇನೆ. ನಿಮ್ಮ ಚಾಂಪ್‌ನಲ್ಲಿರುವುದು 65 ಕುದುರೆಶಕ್ತಿಯ ಒಂದೇ ಒಂದು ಎಂಜಿನ್. ಜನವರಿಯ ಒಂದು ಮಧ್ಯಾಹ್ನ ಅದು ಸುಮ್ಮನಾಯಿತು, ನೀವು ಯಾವುದೋ ಜೋಳದ ಹೊಲದ ಹಿಮದ ಮೇಲೆ ಸರಿಯಾಗಿಯೇ ಇಳಿಸಿದಿರಿ ಅಂತ ಇಟ್ಟುಕೊಳ್ಳಿ. ಈಗ ಹೊರಗೆ ಮೈನಸ್ 15. ನೆರವು ಬರೋದಕ್ಕೆ ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಬ್ಯಾಟರಿ ಇನ್ನೊಂದೆರಡು ಗಂಟೆ ಬರಬಹುದು, ಬರದೆಯೂ ಇರಬಹುದು. ಆಮೇಲೆ ನಿಮ್ಮನ್ನು ಕಾಪಾಡುವುದು ಮೈಮೇಲಿರುವ ಬಟ್ಟೆ ಮಾತ್ರ. ಬೆಚ್ಚಗಿರುತ್ತದೆ ಅಂತ ತೆಳು ಶರ್ಟಿನ ಮೇಲೆ ಹೀಟೆಡ್ ಜಾಕೆಟ್ ಹಾಕಿಕೊಂಡು, ಟೆನ್ನಿಸ್ ಶೂ ಮೆಟ್ಟಿಕೊಂಡು ವಿಮಾನ ಹತ್ತುವವರನ್ನು ನೋಡಿದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ನೀವು ಮಾಡಬೇಕಾದ ಪರೀಕ್ಷೆ ಸುಲಭ. ಹಾರುವಾಗ ಹಾಕುವ ಬಟ್ಟೆಯನ್ನೇ ಹಾಕಿಕೊಂಡು, ಕರೆಂಟ್ ಆನ್ ಮಾಡದೆ, ಮನೆ ಹತ್ತಿರ ಒಂದು ಗಂಟೆ ಹೊರಗಿರಿ. ತಡೆಯಲು ಆಗದಿದ್ದರೆ ನಿಮಗೆ ಮೊದಲು ಬೇಕಾಗಿರುವುದು ಉಣ್ಣೆ. ವೈರು ಆಮೇಲೆ.

ಮೈಗೆ ತಾಗುವಂತೆ ತೆಳುವಾದ ಉಣ್ಣೆಯ ಥರ್ಮಲ್, ಅದರ ಮೇಲೆ ದಪ್ಪ ಉಣ್ಣೆ ಸ್ವೆಟರ್, ಎಲ್ಲಕ್ಕಿಂತ ಮೇಲೆ ಗಾಳಿ ನುಗ್ಗದ ಜಾಕೆಟ್, ಇದು ಹಳೇ ಲೆಕ್ಕ. ಗಾಳಿ ತಡೆಯುವ ಪದರಕ್ಕೆ ಎಷ್ಟು ಬೆಲೆ ಇದೆ ಅನ್ನುವುದು ವಿಮಾನ ಹಾರಿಸುವವರಿಗೆ ಮೊದಲ ಮಹಾಯುದ್ಧದಲ್ಲೇ ಗೊತ್ತಾಗಿತ್ತು. ಸಿಡ್ನಿ ಕಾಟನ್ ಅಂತ ಬ್ರಿಟಿಷ್ ನೌಕಾಪಡೆಯ ವಿಮಾನ ವಿಭಾಗದಲ್ಲಿದ್ದ ಆಸ್ಟ್ರೇಲಿಯಾದ ಪೈಲಟ್ ಒಬ್ಬರು. ಒಂದು ದಿನ ಅವಸರದಲ್ಲಿ ಎಣ್ಣೆ, ಗ್ರೀಸು ಮೆತ್ತಿದ ಕೆಲಸದ ಬಟ್ಟೆಯಲ್ಲೇ ಹಾರಲು ಹೋಗಿದ್ದರು. ಇಳಿದು ನೋಡಿದರೆ ಉಳಿದವರೆಲ್ಲ ನಡುಗುತ್ತಿದ್ದಾರೆ, ಇವರಿಗೆ ಮಾತ್ರ ಚಳಿಯಿಲ್ಲ. ಎಣ್ಣೆ ಕುಡಿದ ಬಟ್ಟೆಯೊಳಗೆ ಗಾಳಿ ನುಗ್ಗಿರಲಿಲ್ಲ, ಅಷ್ಟೇ. 1917ರಲ್ಲಿ ಅವರು ರೂಪಿಸಿದ ಸಿಡ್‌ಕಾಟ್ ಸೂಟ್ ಹುಟ್ಟಿದ್ದು ಹಾಗೆ. ಅದರಲ್ಲಿ ಕರೆಂಟಿರಲಿಲ್ಲ.

ಇನ್ನು ಎಷ್ಟು ಚಳಿ ಅನ್ನುವ ಲೆಕ್ಕ. ಸಾವಿರ ಅಡಿ ಏರಿದರೆ ಸುಮಾರು 2 ಡಿಗ್ರಿ ಇಳಿಯುತ್ತದೆ ಅಂತ ನೀವು ಪರೀಕ್ಷೆಗೆ ಓದಿರುತ್ತೀರಿ. ನಿಮ್ಮೂರಿನ ಚಳಿಗಾಲದಲ್ಲಿ ಎಷ್ಟೋ ಬೆಳಿಗ್ಗೆ ಇದು ತಲೆಕೆಳಗಾಗಿರುತ್ತದೆ. ರಾತ್ರಿಯಿಡೀ ಹಿಮದ ನೆಲ ತಣ್ಣಗಾಗಿ, ಅದಕ್ಕೆ ತಾಗಿದ ಗಾಳಿಯೂ ತಣ್ಣಗಾಗಿ, ಎರಡು ಸಾವಿರ ಅಡಿ ಮೇಲೆ ಹೋದರೆ ನೆಲಕ್ಕಿಂತ ಬೆಚ್ಚಗೇ ಇರಬಹುದು. ಹಾಗಾಗಿ ಹೊರಡುವ ಮುನ್ನ ಮೇಲಿನ ತಾಪಮಾನದ ಮುನ್ಸೂಚನೆ ನೋಡಿ. ಕೆಲವೊಮ್ಮೆ ಬರೀ ಎತ್ತರ ಬದಲಿಸಿದರೆ ಚಳಿ ಕಡಿಮೆಯಾಗುತ್ತದೆ, ದುಡ್ಡೂ ಉಳಿಯುತ್ತದೆ. ಊರಲ್ಲಿರುವ ಓದುಗರಿಗೂ ಒಂದು ಮಾತು. ಜಕ್ಕೂರಿನಿಂದ ಡಿಸೆಂಬರ್ ಬೆಳಿಗ್ಗೆ ತೆರೆದ ಮೈಕ್ರೋಲೈಟ್‌ನಲ್ಲಿ ಏರಿದರೆ ಮೇಲೆ 10 ಡಿಗ್ರಿ ಇರಬಹುದು. ಗಂಟೆಗೆ 80 ಕಿ.ಮೀ. ಗಾಳಿ ಮುಖಕ್ಕೆ ಹೊಡೆದರೆ ಚರ್ಮಕ್ಕೆ ಅದು 4 ಡಿಗ್ರಿಯ ಹಾಗೆ ಅನ್ನಿಸುತ್ತದೆ. ಒಂದು ಒಳ್ಳೆಯ ವಿಂಡ್‌ಚೀಟರ್, ಕೈಗೆ ಗ್ಲೌಸ್ ಸಾಕು. ಅಷ್ಟಕ್ಕೆ ಬ್ಯಾಟರಿ ಕಟ್ಟಿಕೊಂಡು ಹೋಗಬೇಡಿ. ಮೈನಸ್ 10ರಲ್ಲಿ ಅದೇ ವೇಗದ ಗಾಳಿ ಅಂದರೆ ಮೈನಸ್ 24ರ ಲೆಕ್ಕ, ಅದು ಬೇರೆಯೇ ಮಾತು.

ನಿಮ್ಮ ಚಾಂಪ್‌ಗೆ ಬಾಗಿಲಿದೆ, ಗಾಜಿದೆ, ಮುಖಕ್ಕೆ ಗಾಳಿ ಹೊಡೆಯುವುದಿಲ್ಲ. ಆದರೂ ಗಾಳಿ ಒಳಗೆ ಬರುತ್ತಿದೆ, ಅಲ್ವಾ? ಒಂದು ವಾರಾಂತ್ಯ ಹ್ಯಾಂಗರಿನಲ್ಲಿ ಕೂತು ಅದನ್ನು ಹುಡುಕಿ. ಬಾಗಿಲಿನ ಅಂಚು, ಕಿಟಕಿಯ ಅಂಚು, ರೆಕ್ಕೆ ಮೈಗೆ ಸೇರುವ ಜಾಗ, ಕಂಟ್ರೋಲ್ ಕೇಬಲ್ ಹಾದುಹೋಗುವ ತೂತುಗಳು. ಎಷ್ಟೋ ಜನ ಮರೆಯುವುದು ಹಿಂಭಾಗವನ್ನು. ಹಾರುವಾಗ ಒಳಗಿನ ಒತ್ತಡ ಕಡಿಮೆ ಇರುವುದರಿಂದ ಬಾಲದ ಕಡೆಯಿಂದ ಗಾಳಿ ಮುಂದಕ್ಕೆ ಎಳೆದುಕೊಂಡು ಬಂದು ನಿಮ್ಮ ಬೆನ್ನಿಗೆ ತಾಗುತ್ತದೆ. ಹೀಟರ್ ಕೆಲಸ ಮಾಡುತ್ತಿಲ್ಲ ಅಂತ ಬೈಯುವವರಲ್ಲಿ ಅರ್ಧ ಜನರ ಸಮಸ್ಯೆ ಇದೇ. ಹೀಟರ್ ಕೊಟ್ಟ ಬಿಸಿ ನಿಲ್ಲುತ್ತಿಲ್ಲ, ಅಷ್ಟೇ. ಸೀಲ್ ಮಾಡುವಾಗ ಹೊಸದೇನಾದರೂ ಜೋಡಿಸಬೇಕಾದರೆ ನಿಮ್ಮ ಮೆಕ್ಯಾನಿಕ್ ಅವರನ್ನು ಕೇಳಿ ಮಾಡಿ, ಕೇಬಲ್‌ಗೆ ಏನೂ ಉಜ್ಜಬಾರದು. ಎಂಜಿನ್ ಮತ್ತು ಕ್ಯಾಬಿನ್ ನಡುವಿನ ಗೋಡೆಯ ತೂತುಗಳನ್ನಂತೂ ತಪ್ಪದೇ ಮುಚ್ಚಿಸಿ, ಅದು ಚಳಿಗಿಂತ ದೊಡ್ಡ ಕಾರಣಕ್ಕೆ.

ಆ ಕಾರಣ ಕಾರ್ಬನ್ ಮೊನಾಕ್ಸೈಡ್. ಚಾಂಪ್ ಆಗಲಿ, 172 ಆಗಲಿ, ಹೀಟರ್ ಅಂದರೆ ಸೈಲೆನ್ಸರ್ ಸುತ್ತ ಹೊದಿಸಿದ ಒಂದು ತಗಡಿನ ಕವಚ. ಹೊರಗಿನ ಗಾಳಿ ಅದರೊಳಗೆ ಸುತ್ತಿ, ಕಾದು, ನಿಮ್ಮ ಕಾಲ ಹತ್ತಿರ ಬರುತ್ತದೆ. ಸೈಲೆನ್ಸರ್‌ನಲ್ಲಿ ಒಂದು ಕೂದಲೆಳೆ ಬಿರುಕು ಬಿಟ್ಟರೂ ಹೊಗೆಯೂ ಜೊತೆಗೇ ಬರುತ್ತದೆ. ಈ ಅನಿಲಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟಿಕೊಳ್ಳುತ್ತದೆ. 2019ರ ಜನವರಿಯಲ್ಲಿ ಫುಟ್‌ಬಾಲ್ ಆಟಗಾರ ಎಮಿಲಿಯಾನೊ ಸಾಲಾ ಇದ್ದ ಪೈಪರ್ ಮಾಲಿಬು ವಿಮಾನ ಗರ್ನ್ಸಿ ದ್ವೀಪದ ಹತ್ತಿರ ಸಮುದ್ರಕ್ಕೆ ಬಿತ್ತು. ತನಿಖೆಯಲ್ಲಿ ಸಾಲಾ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಂಟಿದ ಹಿಮೋಗ್ಲೋಬಿನ್ ಶೇ. 58ರಷ್ಟು ಸಿಕ್ಕಿತು. ತಲೆನೋವು, ವಾಕರಿಕೆ, ಮಂಪರು, ಇವೇ ಲಕ್ಷಣ. ಚಳಿಗೆ ಹೀಗಾಗಿದೆ ಅಂದುಕೊಂಡು ಹೀಟರನ್ನು ಇನ್ನೂ ಜಾಸ್ತಿ ತಿರುಗಿಸಿದರೆ ಮುಗಿಯಿತು ಕತೆ. ಆದ್ದರಿಂದ ಜಾಕೆಟ್‌ಗೆ ಇಟ್ಟಿರುವ ದುಡ್ಡಿನಲ್ಲಿ ಮೊದಲು ಅಂಕಿ ತೋರಿಸುವ, ಕೂಗುವ ಎಲೆಕ್ಟ್ರಾನಿಕ್ ಡಿಟೆಕ್ಟರ್ ತಗೊಳ್ಳಿ. ಬಣ್ಣ ಬದಲಾಗುವ ಕಾರ್ಡನ್ನು ಡ್ಯಾಶ್‌ಬೋರ್ಡಿಗೆ ಅಂಟಿಸಿ ಮರೆತುಬಿಡುವುದು ನನ್ನ ಲೆಕ್ಕದಲ್ಲಿ ಏನೂ ಇಲ್ಲದಿರುವುದಕ್ಕೆ ಸಮ. ಕರೆಂಟಿನ ಬಟ್ಟೆಯ ಪರವಾಗಿ ನಾನು ಹೇಳುವ ಅತಿ ದೊಡ್ಡ ಮಾತೂ ಇದೇ: ಡಿಟೆಕ್ಟರ್ ಕೂಗಿದ ತಕ್ಷಣ ಹೀಟರ್ ಮುಚ್ಚಿ, ತಾಜಾ ಗಾಳಿಯ ಕಿಂಡಿ ಪೂರ್ತಿ ತೆರೆದು, ನಡುಗದೆ ಹತ್ತಿರದ ರನ್‌ವೇಗೆ ಹೋಗಿ ಇಳಿಯಬಹುದು.

ಈಗ ಸಾಕೆಟ್ ವಿಷಯ. ಇದನ್ನು ನಿಧಾನವಾಗಿ ಓದಿ, ಯಾಕೆಂದರೆ ಬೈಕಿನ ಜಾಕೆಟ್ ತಂದವರು ಎಡವುವುದು ಇಲ್ಲೇ. ಬೈಕಿನ ಹೀಟೆಡ್ ಬಟ್ಟೆ ಮಾಡಿರುವುದು 12 ವೋಲ್ಟ್‌ಗೆ, ಅಂದರೆ ಎಂಜಿನ್ ಓಡುವಾಗ ಬರುವ 14 ವೋಲ್ಟ್‌ಗೆ. ಸೆಸ್ನಾ 172 ಮಾತ್ರ 1978ರ ಮಾಡೆಲ್‌ನಿಂದ 28 ವೋಲ್ಟ್‌ಗೆ ಬದಲಾಯಿತು. ಜಾಕೆಟ್ ಒಳಗಿರುವುದು ಬರೀ ಒಂದು ರೆಸಿಸ್ಟೆನ್ಸ್ ತಂತಿ. ವೋಲ್ಟೇಜ್ ಎರಡು ಪಟ್ಟಾದರೆ ಬಿಸಿ ಎರಡು ಪಟ್ಟಾಗುವುದಿಲ್ಲ, ನಾಲ್ಕು ಪಟ್ಟಾಗುತ್ತದೆ. 14 ವೋಲ್ಟ್‌ನಲ್ಲಿ 45 ವ್ಯಾಟ್ ಎಳೆಯುವ ವೆಸ್ಟ್ (ತೋಳಿಲ್ಲದ ಹೀಟೆಡ್ ಜಾಕೆಟ್) 28 ವೋಲ್ಟ್‌ನಲ್ಲಿ 180 ವ್ಯಾಟ್ ಎಳೆಯುತ್ತದೆ. ಫ್ಯೂಸ್ ಹೋಗುತ್ತದಲ್ಲ ಅಂತೀರಾ? ಲೆಕ್ಕ ಹಾಕಿ ನೋಡಿ. ಮೊದಲು 3.2 ಆಂಪ್ ಇದ್ದದ್ದು ಈಗ 6.4 ಆಂಪ್. ಸಾಕೆಟ್ಟಿನ ಫ್ಯೂಸ್ 10 ಆಂಪ್‌ನದಾದರೆ ಅದು ಆರಾಮಾಗಿ ಕೂತಿರುತ್ತದೆ. ಸುಡುವುದು ನಿಮ್ಮ ಬೆನ್ನು. ಫ್ಯೂಸ್ ಇರುವುದು ವಿಮಾನದ ವೈರನ್ನು ಕಾಯುವುದಕ್ಕೆ, ನಿಮ್ಮನ್ನಲ್ಲ.

ಹೊಸ 172ಗಳ ಸಾಕೆಟ್‌ನಲ್ಲಿ 12 ವೋಲ್ಟ್‌ಗೆ ಇಳಿಸಿಯೇ ಕೊಟ್ಟಿರುತ್ತಾರೆ. ಹಾಗಾಗಿ ಊಹೆ ಬೇಡ. ಸಾಕೆಟ್ ಪಕ್ಕ ಬರೆದಿರುವುದನ್ನು ಓದಿ, ಆಮೇಲೆ ಮಲ್ಟಿಮೀಟರ್ ಇಟ್ಟು ನೋಡಿ. 28 ಇದ್ದರೆ ನಡುವೆ ವೋಲ್ಟೇಜ್ ಇಳಿಸುವ ಕನ್ವರ್ಟರ್ ಬೇಕು, ಅದೂ ನಿಮ್ಮ ಬಟ್ಟೆ ಎಳೆಯುವಷ್ಟು ಆಂಪ್ ತಾಳುವಂಥದ್ದು. ಪೂರ್ತಿ ಸೆಟ್ ಅಂದರೆ ಜಾಕೆಟ್ ಲೈನರ್, ಅಂದರೆ ಒಳಗೆ ಹಾಕುವ ಹೀಟೆಡ್ ಪದರ, ಒಂದೇ 6 ಆಂಪ್ ಆಸುಪಾಸು, ಪ್ಯಾಂಟ್ ಮೂರು ಚಿಲ್ಲರೆ, ಗ್ಲೌಸ್ ಎರಡು. ಒಬ್ಬರಿಗೇ 11, 12 ಆಂಪ್ ಆಗಿಬಿಡುತ್ತದೆ. 10 ಆಂಪ್ ಫ್ಯೂಸ್ ಇರುವ ಸಾಕೆಟ್‌ನಿಂದ ಇಬ್ಬರಿಗೆ ಪೂರ್ತಿ ಸೆಟ್ ಕನಸು. ನಿಜ ಹೇಳಬೇಕೆಂದರೆ ಸರಿಯಾಗಿರುವ 172ರ ಹೀಟರ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಅಲ್ಲಿ ನಿಮಗೆ ಹೀಟೆಡ್ ಬಟ್ಟೆ ಬೇಕಾಗುವುದೇ ಇಲ್ಲ. ರೋಟಾಕ್ಸ್ 912 ಅನ್ನುವ ಎಂಜಿನ್ ಇರುವ ಲೈಟ್ ವಿಮಾನದವರು ಮಾತ್ರ ಇನ್ನೊಂದು ನೆನಪಿಡಬೇಕು. ಅದರೊಳಗಿನ ಜನರೇಟರ್ ಪೂರ್ತಿ ವೇಗದಲ್ಲಿ ಕೊಡುವುದೇ 250 ವ್ಯಾಟ್ ಸುಮಾರು. ಇಬ್ಬರ ಬಟ್ಟೆಯೇ ಅದನ್ನೆಲ್ಲ ನುಂಗಿದರೆ ರೇಡಿಯೊಗೆ ಉಳಿಯುವುದೇನು? ಥ್ರಾಟಲ್ ಇಳಿಸಿದರೆ ಅಷ್ಟೂ ಬರುವುದಿಲ್ಲ. ಕರೆಂಟ್ ಹುಟ್ಟಿಸುವ ಆಲ್ಟರ್ನೇಟರ್ ಕೈಕೊಟ್ಟರೆ ಮೊದಲು ಆಫ್ ಆಗಬೇಕಾದದ್ದು ಜಾಕೆಟ್.

ಚಾಂಪ್‌ನಲ್ಲಿ ಈ ತಲೆಬಿಸಿ ಇಲ್ಲ, ಯಾಕೆಂದರೆ 7ಎಸಿಗೆ ಹುಟ್ಟಿನಿಂದಲೇ ಎಲೆಕ್ಟ್ರಿಕಲ್ ಸಿಸ್ಟಮ್ ಇಲ್ಲ. ಎಂಜಿನ್‌ಗೆ ಕಿಡಿ ಕೊಡುವುದು ಬ್ಯಾಟರಿಯ ಹಂಗಿಲ್ಲದ ಮ್ಯಾಗ್ನೆಟೊ, ಸ್ಟಾರ್ಟ್ ಮಾಡುವುದು ಕೈಯಲ್ಲಿ ಪ್ರೊಪೆಲರ್ ತಿರುಗಿಸಿ. ಹಾಗಾಗಿ ನಿಮಗೆ ಬ್ಯಾಟರಿಯೇ ಗತಿ, ಅದನ್ನು ಕೈಯಲ್ಲಿ ಹಿಡಿದು ತಂದು ಕೈಯಲ್ಲೇ ವಾಪಸ್ ಒಯ್ಯುವುದಾದರೆ ವಿಮಾನಕ್ಕೆ ಏನೂ ಜೋಡಿಸಿದಂತಾಗುವುದಿಲ್ಲ. ಎರಡು ದಾರಿ ಇದೆ. ಜೇಬಿನಲ್ಲಿ 7.4 ವೋಲ್ಟ್ ಬ್ಯಾಟರಿ ಇಡುವ ವೆಸ್ಟ್‌ಗಳು ಅಗ್ಗ, ಹಗುರ. ಡಬ್ಬದ ಮೇಲೆ ಎಂಟು ಗಂಟೆ ಅಂತ ಬರೆದಿರುತ್ತಾರೆ, ಅದು ಕನಿಷ್ಠ ಸೆಟ್ಟಿಂಗ್‌ನ ಮಾತು. 5 ಆಂಪ್ ಅವರ್ ಬ್ಯಾಟರಿ ಅಂದರೆ 37 ವ್ಯಾಟ್ ಅವರ್. ಜೋರಾಗಿ ಇಟ್ಟರೆ ಎರಡು ಗಂಟೆ ಬಂದರೆ ಪುಣ್ಯ. ನನ್ನ ಆಯ್ಕೆ ಇನ್ನೊಂದು: ಬೈಕಿನ 12 ವೋಲ್ಟ್ ವೆಸ್ಟ್, ಜೊತೆಗೆ 10 ಆಂಪ್ ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ. ಅದರಲ್ಲಿ ಸುಮಾರು 128 ವ್ಯಾಟ್ ಅವರ್ ಇರುತ್ತದೆ, ತೂಕ ಒಂದೂವರೆ ಕೆಜಿ ಒಳಗೆ. 45 ವ್ಯಾಟ್ ವೆಸ್ಟ್ ಪೂರ್ತಿ ಜೋರಾಗಿ ಇಟ್ಟರೂ ಎರಡೂವರೆ ಗಂಟೆಗೆ ಮೋಸವಿಲ್ಲ. ನಿಮ್ಮ 13 ಗ್ಯಾಲನ್ ಟ್ಯಾಂಕೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬರುತ್ತದೆ, ಇನ್ನೇನು ಬೇಕು? ಹಳೇ ಲೆಡ್ ಆಸಿಡ್ ಬ್ಯಾಟರಿ ಬೇಡ, ಭಾರವೂ ಜಾಸ್ತಿ, ಚಳಿಗೆ ಸೋಲುವುದೂ ಬೇಗ. ಯಾವ ಲಿಥಿಯಂ ಬ್ಯಾಟರಿಯಾದರೂ ರಾತ್ರಿ ಮನೆಯೊಳಗೆ ಇಡಿ. ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬೇಡಿ, ಒಳಗೆ ಲೋಹದ ಪದರ ಕಟ್ಟಿಕೊಂಡು ಬ್ಯಾಟರಿ ಹಾಳಾಗುತ್ತದೆ, ಅಪಾಯಕಾರಿಯೂ ಆಗುತ್ತದೆ. ಬ್ಯಾಟರಿಯ ಬಾಯಲ್ಲೇ ಫ್ಯೂಸ್ ಇರಲಿ. ಅಲುಗಾಡದ ಹಾಗೆ ಕಟ್ಟಿ, ಆದರೆ ನಿಮ್ಮ ಕೈಗೆ ಎಟುಕುವ ಕಡೆ. ಸೀಟ್ ಬೆಲ್ಟಿನ ಅಡಿ ಜೇಬಿನಲ್ಲಿರುವ ಬ್ಯಾಟರಿ ಬಿಸಿಯಾಗಿ ಹೊಗೆಯಾಡಲು ಶುರುವಾದರೆ ಬಿಚ್ಚಿ ಎಸೆಯುವುದು ಎಷ್ಟು ಕಷ್ಟ ಅಂತ ಕೂತಲ್ಲೇ ಒಮ್ಮೆ ಊಹಿಸಿಕೊಳ್ಳಿ.

ಯಾವುದನ್ನು ಮೊದಲು ಕೊಳ್ಳಬೇಕು? ವೆಸ್ಟ್. ಮರಗಟ್ಟುತ್ತಿರುವುದು ಕಾಲ್ಬೆರಳು, ಇವರು ವೆಸ್ಟ್ ಅಂತಾರಲ್ಲ ಅನ್ನಿಸಬಹುದು. ಮನೆಯಲ್ಲಿ ದುಡ್ಡು ಕಡಿಮೆಯಾದಾಗ ಅಕ್ಕಿ ಬೇಳೆ ಉಳಿಸಿಕೊಂಡು ಉಳಿದ ಖರ್ಚು ಕಡಿತ ಮಾಡುತ್ತೇವಲ್ಲ, ಮೈಯೂ ಹಾಗೇ. ಎದೆ ಹೊಟ್ಟೆ ತಣ್ಣಗಾಗುತ್ತಿದೆ ಅನ್ನಿಸಿದ ಕೂಡಲೇ ಕೈಕಾಲಿನ ರಕ್ತನಾಳಗಳನ್ನು ಬಿಗಿ ಮಾಡಿಬಿಡುತ್ತದೆ. ಮುಂಡ ಬೆಚ್ಚಗಿದ್ದರೆ ಕೈಗೆ ರಕ್ತ ತಾನೇ ಹರಿಯುತ್ತದೆ. ಎಷ್ಟೋ ಜನರಿಗೆ ವೆಸ್ಟ್ ಹಾಕಿದ ಮೇಲೆ ಹೀಟೆಡ್ ಗ್ಲೌಸ್ ಬೇಕೇ ಆಗುವುದಿಲ್ಲ, ತೆಳುವಾದ ಮಾಮೂಲಿ ಗ್ಲೌಸ್ ಸಾಕಾಗುತ್ತದೆ, ನಾಬ್ ತಿರುಗಿಸಲು ಅದೇ ವಾಸಿ. ಪಾದಕ್ಕೆ ಬೇರೆ ಏರ್ಪಾಡು ಬೇಕು, ಚಾಂಪ್‌ನ ನೆಲ ಅಂಥದ್ದು. ಒಂದು ಸೈಜ್ ದೊಡ್ಡ ಬೂಟು ತಗೊಂಡು ಒಳಗೆ ಹೀಟೆಡ್ ಇನ್‌ಸೋಲ್ ಹಾಕಿ. ಎರಡು ಸಾಕ್ಸ್ ತುರುಕಿ ಬೂಟು ಬಿಗಿ ಮಾಡಿದರೆ ರಕ್ತವೇ ಓಡುವುದಿಲ್ಲ, ಏನು ಹಾಕಿಯೂ ಪ್ರಯೋಜನವಿಲ್ಲ. ಕಬ್ಬಿಣದ ಪುಡಿ ಇರುವ ಬಿಸಿ ಪೊಟ್ಟಣಗಳೂ ಇಕ್ಕಟ್ಟಿನ ಬೂಟಿನಲ್ಲಿ ಸೋಲುತ್ತವೆ, ಅವಕ್ಕೆ ಕಾಯಲು ಗಾಳಿ ಬೇಕು. ಬೂಟು ದಪ್ಪವಾದಷ್ಟೂ ಚಾಂಪ್‌ನ ಹಿಮ್ಮಡಿ ಬ್ರೇಕ್ ಕಾಲಿಗೆ ಗೊತ್ತಾಗುವುದಿಲ್ಲ, ನೆಲದಲ್ಲೇ ವಿಮಾನ ಓಡಿಸಿ ರೂಢಿ ಮಾಡಿಕೊಳ್ಳಿ.

ಕೊಳ್ಳುವಾಗ ಒಂದನ್ನು ಕೇಳಿ: ಒಂದು ಗ್ಲೌಸ್ ಕೆಟ್ಟರೆ ಉಳಿದದ್ದು ಕೆಲಸ ಮಾಡುತ್ತದಾ? ಇದು ಎರಡನೇ ಮಹಾಯುದ್ಧದಲ್ಲಿ ಕಲಿತ ಪಾಠ. ಬಿ-17 ಬಾಂಬರ್‌ಗಳಲ್ಲಿ ಪಕ್ಕದ ತೆರೆದ ಕಿಟಕಿಯಲ್ಲಿ ಬಂದೂಕು ಹಿಡಿದು ನಿಲ್ಲುತ್ತಿದ್ದ ಹುಡುಗರಿಗೆ 25 ಸಾವಿರ ಅಡಿಯ ಮೇಲೆ ಮೈನಸ್ 40ರ ಚಳಿ. ಅವರಿಗೆ ಕೊಟ್ಟ ಎಫ್-1 ಅನ್ನುವ 24 ವೋಲ್ಟ್ ಸೂಟ್‌ನಲ್ಲಿ ಎಲ್ಲ ತಂತಿಯೂ ಒಂದರ ಹಿಂದೊಂದು ಸೀರೀಸ್‌ನಲ್ಲಿತ್ತು. ಒಂದು ಕಡೆ ತಂತಿ ತುಂಡಾದರೆ ಮೈಗೆ, ಕೈಗೆ, ಕಾಲಿಗೆ ಎಲ್ಲಕ್ಕೂ ಕರೆಂಟ್ ಕಟ್. ಮುಂದೆ ಬಂದ ಸೂಟ್‌ಗಳಲ್ಲಿ ಅದನ್ನು ಪ್ಯಾರಲಲ್ ಮಾಡಿದರು, ಅಂದರೆ ಕರೆಂಟಿಗೆ ಬೇರೆ ಬೇರೆ ದಾರಿ. ಇವತ್ತಿನ ಒಳ್ಳೆಯ ಬೈಕ್ ಸೆಟ್‌ಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಪ್ಲಗ್ ಇರುತ್ತದೆ. ಗ್ಲೌಸ್‌ಗೆ ಮೈಗಿಂತ ಬೇರೆ ನಾಬ್ ಇರುವ ಕಂಟ್ರೋಲರ್ ಸಿಕ್ಕರೆ ಅದನ್ನೇ ತಗೊಳ್ಳಿ.

ಹಾಕುವ ಕ್ರಮ: ತೆಳು ಥರ್ಮಲ್ ಮೇಲೆ ಹೀಟೆಡ್ ವೆಸ್ಟ್, ಮೈಗೆ ಒತ್ತಿದ ಹಾಗೆ. ಅದರ ಮೇಲೆ ಸ್ವೆಟರ್, ಜಾಕೆಟ್. ಎಲ್ಲಕ್ಕಿಂತ ಹೊರಗೆ ಹಾಕಿದರೆ ಮಿನ್ನೆಸೋಟದ ಆಕಾಶವನ್ನು ಕಾಯಿಸುತ್ತೀರಿ. ಬರಿ ಚರ್ಮದ ಮೇಲೆ ಹಾಕಬಾರದು. 44, 45 ಡಿಗ್ರಿ ಅಂದರೆ ಕೈಗೆ ಹಿತವಾದ ಬಿಸಿ, ಆದರೆ ಅದೇ ಜಾಗಕ್ಕೆ ಗಂಟೆಗಟ್ಟಲೆ ತಾಗಿದರೆ ಚರ್ಮ ಸುಡುತ್ತದೆ. ಭುಜದ ಬೆಲ್ಟ್ ತಂತಿಯನ್ನು ಒತ್ತಿ ಹಿಡಿಯುವ ಜಾಗ, ಸೀಟಿಗೆ ಒರಗುವ ಬೆನ್ನು, ಇವೆರಡನ್ನು ಗಮನಿಸಿ. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕಡಿಮೆಯಾಗಿರುವವರು ಹೀಟೆಡ್ ಇನ್‌ಸೋಲ್ ತಂಟೆಗೇ ಹೋಗಬಾರದು.

ವೈರು ಚಾಂಪ್‌ನಲ್ಲಿ ಎಲ್ಲಿ ಹಾದುಹೋಗುತ್ತದೆ ಅನ್ನುವುದು ಬೈಕಿನವರಿಗೆ ಇಲ್ಲದ ಚಿಂತೆ. ನಿಮ್ಮ ಎರಡು ಕಾಲಿನ ನಡುವೆ ಕಂಟ್ರೋಲ್ ಸ್ಟಿಕ್ ಇದೆ. ಅದನ್ನು ನಾಲ್ಕೂ ದಿಕ್ಕಿಗೆ ಪೂರ್ತಿ ತಳ್ಳಿ, ಎಳೆದು, ಪೆಡಲ್ ಎರಡೂ ಕಡೆ ಒತ್ತಿ ನೋಡಿ, ವೈರು ಎಲ್ಲೂ ಸುತ್ತಿಕೊಳ್ಳಬಾರದು. ಪ್ಲಗ್ ಎಳೆದರೆ ಸಲೀಸಾಗಿ ಕಳಚಬೇಕು. ಇಳಿದು ಓಡಬೇಕಾದಾಗ ಬಟ್ಟೆ ನಿಮ್ಮನ್ನು ವಿಮಾನಕ್ಕೆ ಕಟ್ಟಿಹಾಕಬಾರದು. ಆಮೇಲೆ ನೆಲದಲ್ಲೇ ಕಂಟ್ರೋಲರ್ ಆನ್ ಮಾಡಿ ಎರಡು ನೋಡಿ. ಒಂದು, ಕೈಯಲ್ಲಿ ಹಿಡಿಯುವ ರೇಡಿಯೊದಲ್ಲಿ ಟಿಕ್ ಟಿಕ್ ಅಂತಲೋ ಗುಂಯ್ ಅಂತಲೋ ಸದ್ದು ಬರುತ್ತದಾ. ಈ ಕಂಟ್ರೋಲರ್‌ಗಳು ಕರೆಂಟನ್ನು ಆನ್ ಆಫ್ ಮಾಡುತ್ತಾ ಬಿಸಿ ಹೊಂದಿಸುತ್ತವೆ, ವಿಮಾನದ ರೇಡಿಯೊ ಅಂಥ ಸದ್ದನ್ನು ಚೆನ್ನಾಗಿ ಹಿಡಿಯುತ್ತದೆ. ಎರಡು, ಕಾಂಪಸ್ ಅಲುಗುತ್ತದಾ. ಅಲುಗಿದರೆ ಎರಡು ವೈರನ್ನೂ ಒಂದಕ್ಕೊಂದು ಹೆಣೆದು ಕಾಂಪಸ್‌ನಿಂದ ದೂರ ಸರಿಸಿ, ಹೆಚ್ಚಿನ ಪಾಲು ಸರಿಹೋಗುತ್ತದೆ.

ಒಂದು ಕೆಲಸ ಮಾತ್ರ ಯಾವ ಜಾಕೆಟ್ಟೂ ಮಾಡುವುದಿಲ್ಲ. ನೀವು ಬೆಚ್ಚಗೆ ಕೂತು ಬಿಡುವ ಉಸಿರು ಗಾಜಿನ ಒಳಮೈಗೆ ಹೋಗಿ ಮಂಜುಗಡ್ಡೆಯಾಗಿ ಕೂರುತ್ತದೆ. ಹೀಟರ್ ಆಫ್ ಇದ್ದರೆ ಇನ್ನೂ ಬೇಗ. ಹಾಗಾಗಿ ಗಾಳಿಯ ಕಿಂಡಿ ಸ್ವಲ್ಪ ತೆರೆದೇ ಇರಬೇಕು, ಎಷ್ಟೇ ಚಳಿಯಾದರೂ. ಕೆರೆಯಲು ಒಂದು ಪ್ಲಾಸ್ಟಿಕ್ ಕಾರ್ಡ್ ಜೇಬಿನಲ್ಲಿರಲಿ.

ಮನೆಯವರ ವಿಷಯಕ್ಕೆ ಬಂದರೆ, ಹಿಂದಿನ ಸೀಟಿಗೆ ಚಳಿ ನಿಮಗಿಂತ ಜಾಸ್ತಿ. ಹೀಟರಿನ ಬಿಸಿ ನಿಮ್ಮ ಕಾಲ ಹತ್ತಿರವೇ ಮುಗಿದಿರುತ್ತದೆ, ಬಾಲದ ಕಡೆಯ ಗಾಳಿ ಮೊದಲು ತಾಗುವುದು ಅವರ ಬೆನ್ನಿಗೆ. ನೀವು ಹಾರಿಸುತ್ತಾ ಒಂದಿಷ್ಟು ಅಲುಗುತ್ತೀರಿ, ಅವರು ಸುಮ್ನೆ ಕೂತಿರುತ್ತಾರೆ. ಒಂದೇ ವೆಸ್ಟ್ ಕೊಳ್ಳುವಷ್ಟು ದುಡ್ಡಿದ್ದರೆ ಅದನ್ನು ಅವರಿಗೇ ಕೊಡಿ. ಅವರಿಗೆ ಬೇರೆ ಬ್ಯಾಟರಿ, ಬೇರೆ ಕಂಟ್ರೋಲರ್ ಇರಲಿ. ಮುಂದಿನ ಸೀಟಿನಿಂದ ಹಿಂದಕ್ಕೆ ವೈರು ಎಳೆಯಬೇಡಿ. ಹಿಂದೆಯೂ ಸ್ಟಿಕ್ ಇದೆ, ಪೆಡಲ್ ಇದೆ. ಅವರ ದಪ್ಪ ಬೂಟು ಪೆಡಲ್‌ಗೆ ಸಿಕ್ಕಿಕೊಂಡರೆ ನಿಮ್ಮ ಪೆಡಲ್ ಕೂಡ ಅಲ್ಲಾಡುವುದಿಲ್ಲ, ಹೊರಡುವ ಮುನ್ನ ಕಾಲು ಎಲ್ಲಿ ಇಡಬೇಕು ಅಂತ ತೋರಿಸಿ. ಇನ್ನು ತೂಕ. 7ಎಸಿಯ ಒಟ್ಟು ಮಿತಿ 1220 ಪೌಂಡ್, ಖಾಲಿ ವಿಮಾನವೇ 740 ಆಸುಪಾಸು, ನಿಮ್ಮದರ ಸರಿಯಾದ ಅಂಕಿ ಅದರ ಕಾಗದಪತ್ರದಲ್ಲಿರುತ್ತದೆ. ಟ್ಯಾಂಕ್ ತುಂಬಿಸಿದರೆ ಇಬ್ಬರಿಗೂ ಸೇರಿ ಉಳಿಯುವುದು 180 ಕೆಜಿ ಸುಮಾರು. ಬೇಸಿಗೆಯಲ್ಲಿ ಹಾಕಿದ ಲೆಕ್ಕವನ್ನೇ ಚಳಿಗಾಲಕ್ಕೂ ಇಟ್ಟುಕೊಳ್ಳಬೇಡಿ, ಇಬ್ಬರೂ ಬೂಟು, ಜಾಕೆಟ್, ಬ್ಯಾಟರಿ ಸಮೇತ ತಕ್ಕಡಿ ಹತ್ತಿ ನೋಡಿ.